ಬಾಗಿಲು ಹಾಕಿ ಕಾಯುವ ಪ್ರಜಾಪ್ರಭುತ್ವ

ಪ್ರಜಾಪ್ರಭುತ್ವ ಬಂದಾಯ್ತು, ಇನ್ನೇನು ಕೇಳ್ತೀರಿ ಅನ್ನುವ ಉಳ್ಳವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದು ಬಂದಾಗಿಲ್ಲ, ಬರಬೇಕಾದದ್ದು ಅಂತ ವಾದಿಸಿದ ಜಾಕ್ ಡೆರಿಡಾ ಬಗ್ಗೆ ಇವತ್ತು ನಾವು ನಾಲ್ಕು ಮಾತು ಆಡಬೇಕು.

ಡೆರಿಡಾ ಹುಟ್ಟಿದ್ದು 1930ರಲ್ಲಿ, ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದಲ್ಲಿ, ಒಂದು ಯಹೂದಿ ಮನೆಯಲ್ಲಿ. ಸ್ವಾತಂತ್ರ್ಯ, ಸಮಾನತೆ, ಸೋದರತೆ ಅಂತ ಸಾರಿದ ದೇಶ ಫ್ರಾನ್ಸು. ಆಲ್ಜೀರಿಯಾದ ಯಹೂದಿಗಳಿಗೆ ಅದು 1870ರಲ್ಲಿ ಪೌರತ್ವ ಕೊಟ್ಟಿತ್ತು. ಹಿಟ್ಲರನಿಗೆ ಸೋತ ಮೇಲೆ ಬಂದ ವಿಶಿ ಸರಕಾರ 1940ರಲ್ಲಿ ಅದನ್ನು ಕಿತ್ತುಕೊಂಡಿತು. 1942ರಲ್ಲಿ ಹನ್ನೆರಡು ವರ್ಷದ ಈ ಹುಡುಗನನ್ನು ಯಹೂದಿ ಅನ್ನುವ ಕಾರಣಕ್ಕೆ ಶಾಲೆಯಿಂದ ಹೊರಗೆ ಹಾಕಿದರು. ಅಲ್ಲಿನ ಬಹುಸಂಖ್ಯಾತ ಮುಸ್ಲಿಮರಿಗಂತೂ ಪೂರ್ತಿ ಪೌರತ್ವವೇ ಇರಲಿಲ್ಲ. ಸಮಾನತೆಯ ಮಾತು ಯಾರ ಮನೆ ಬಾಗಿಲಿಗೆ ಬಂದು ನಿಂತುಬಿಡುತ್ತೆ ಅನ್ನೋದನ್ನ ಇಲ್ಲಿ ನೋಡಬಹುದು.

ಮುಂದೆ ಡೆರಿಡಾ 'ಬರಲಿರುವ ಪ್ರಜಾಪ್ರಭುತ್ವ' ಅನ್ನುವ ಮಾತನ್ನು ಬಳಸಿದರು. ಇದರ ಅರ್ಥ, ಯಾವತ್ತೋ ಒಂದು ದಿನ ಬರುತ್ತೆ, ಸುಮ್ಮನೆ ಕಾಯಿರಿ ಅಂತಲ್ಲ. ಕೊಟ್ಟ ಮಾತು ಇನ್ನೂ ತೀರಿಲ್ಲ, ಅದು ಈಗಲೇ ನಮ್ಮನ್ನು ಕಾಡಬೇಕು ಅಂತ. ರಾಜನನ್ನೋ ಸರ್ವಾಧಿಕಾರಿಯನ್ನೋ ಪ್ರಶ್ನಿಸಿದರೆ ಅಪರಾಧ. ಆದರೆ ಪ್ರಜಾಪ್ರಭುತ್ವದಲ್ಲಿ ಅದನ್ನೇ ಬಹಿರಂಗವಾಗಿ ಪ್ರಶ್ನಿಸುವ ಹಕ್ಕು ಅದರ ಹೊಟ್ಟೆಯೊಳಗೇ ಇದೆ. ಅದಕ್ಕೇ ಅದು 'ನಾನು ಪೂರ್ಣ' ಅಂತ ಹೇಳುವ ಹಾಗೇ ಇಲ್ಲ.

ಸೋದರತೆ ಅನ್ನುವ ದೊಡ್ಡ ಮಾತನ್ನೂ ಅವರು ಬಿಡಲಿಲ್ಲ. ಅಣ್ಣತಮ್ಮಂದಿರ ಲೆಕ್ಕದಲ್ಲಿ ಅಕ್ಕತಂಗಿಯರು ಎಲ್ಲಿ? ಹುಟ್ಟಿನ ನೆಂಟಸ್ತಿಕೆ ಇಲ್ಲದವನು ಎಲ್ಲಿ? 1994ರಲ್ಲಿ ಬಂದ ಸ್ನೇಹದ ರಾಜಕಾರಣ ಕುರಿತ ಪುಸ್ತಕದಲ್ಲಿ ಅವರು ಕೆದಕಿದ್ದು ಇದನ್ನೇ.

ಆದರೆ ತೆರೆದ ಬಾಗಿಲಿನಿಂದ ಶತ್ರುವೂ ಒಳಗೆ ಬರಬಹುದಲ್ಲ? ಬರಬಹುದು. 1991ರ ಡಿಸೆಂಬರಿನಲ್ಲಿ ಆಲ್ಜೀರಿಯಾದ ಚುನಾವಣೆಯ ಮೊದಲ ಸುತ್ತಿನಲ್ಲೇ ಒಂದು ಧಾರ್ಮಿಕ ಪಕ್ಷ 188 ಸ್ಥಾನ ಗೆದ್ದಿತು. ಇವರು ಬಂದರೆ ಇನ್ನು ಮುಂದೆ ಚುನಾವಣೆಯೇ ಇರೋದಿಲ್ಲ ಅನ್ನುವ ಭಯ ಹಲವರಿಗಿತ್ತು. 1992ರ ಜನವರಿಯಲ್ಲಿ ಸೈನ್ಯದ ಒತ್ತಡದಿಂದ ಎರಡನೇ ಸುತ್ತೇ ರದ್ದಾಯಿತು. ಪ್ರಜಾಪ್ರಭುತ್ವವನ್ನು ಉಳಿಸಲಿಕ್ಕೆ ಅದನ್ನೇ ನಿಲ್ಲಿಸಿದರು! ಆಮೇಲಿನ ಅಂತರ್ಯುದ್ಧದಲ್ಲಿ ಹತ್ತಾರು ಸಾವಿರ ಜನ ಸತ್ತರು.

ಇದನ್ನು ಡೆರಿಡಾ ಒಂದು ಕಾಯಿಲೆಗೆ ಹೋಲಿಸಿದರು. ಮೈಯನ್ನು ಕಾಯುವ ಶಕ್ತಿಯೇ ತಿರುಗಿ ಮೈಯ ಮೇಲೆ ಬೀಳುವ ಕಾಯಿಲೆ ಅದು. ಇದಕ್ಕೆ ಸುಲಭದ ಔಷಧಿ ಇದೆ ಅಂತ ಅವರು ಹೇಳಲಿಲ್ಲ. ಹಾಗಂತ ಸುಮ್ಮನೆ ಕೂರಲೂ ಇಲ್ಲ. 1994ರಲ್ಲಿ ಪ್ಯಾರಿಸಿನ ಸಭೆಯೊಂದರಲ್ಲಿ ಆಲ್ಜೀರಿಯಾದ ಪರ ನಿಂತು ಮತದ ಹಕ್ಕು ಬೇಕು, ಧರ್ಮ ಮತ್ತು ಸರಕಾರ ಬೇರೆಯಾಗಬೇಕು, ಹೆಂಗಸರ ದನಿ ಕೇಳಬೇಕು ಅಂದರು.

ಗೆಳೆಯರೇ, 'ಇನ್ನೂ ಮುಗಿದಿಲ್ಲ' ಅನ್ನುವ ಮಾತನ್ನು ಆಳುವವರು ಹೇಳಿದರೆ ಅದು ಕಾಯಿಸುವ ಹುನ್ನಾರ. ಹೊರಗೆ ನಿಂತವರು ಹೇಳಿದರೆ ಅದೇ ಹಕ್ಕೊತ್ತಾಯ. ಆದ್ದರಿಂದ ಯಾರಾದರೂ ಪ್ರಜಾಪ್ರಭುತ್ವವನ್ನು ಕಾಪಾಡ್ತೀವಿ ಅಂತ ಬಾಗಿಲು ಹಾಕಲು ಬಂದಾಗ ನಾವು ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಹೊರಗೆ ಉಳಿದವರು ಯಾರು?