ಮನೆಯೊಳಗಿನ ರೇಡಾನ್



ಕಲ್ಲುಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುವ ಸರಣಿಯಲ್ಲಿ ಹುಟ್ಟುವ ಅನಿಲ ರೇಡಾನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕುಗಳಿಂದ ಒಳಸೇರಿ, ಗಾಳಿಯಾಡದ ಕೋಣೆಗಳಲ್ಲಿ ಶೇಖರವಾಗುತ್ತದೆ. ಅದರಿಂದ ಜನಿಸುವ ಪೊಲೋನಿಯಂ ಕಣಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಧೂಮಪಾನಿಗಳಿಗೆ ಅಪಾಯ ಹಲವು ಪಟ್ಟು ಹೆಚ್ಚು.

ಒಂದೊಂದೇ ದೇಶದ ಅಧ್ಯಯನದಿಂದ ಈ ಅಪಾಯವನ್ನು ಅಳೆಯುವುದು ಕಷ್ಟವಾಗಿತ್ತು. ಯುರೋಪಿನ 9 ರಾಷ್ಟ್ರಗಳ 13 ಅಧ್ಯಯನಗಳನ್ನು ಒಗ್ಗೂಡಿಸಿದಾಗ ಚಿತ್ರ ಸ್ಪಷ್ಟವಾಯಿತು: ಘನ ಮೀಟರಿಗೆ 100 ಬೆಕೆರೆಲ್ ಹೆಚ್ಚಿದಂತೆಲ್ಲ ಅಪಾಯ ಸುಮಾರು ಶೇ. 16ರಷ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅಂತಾರಾಷ್ಟ್ರೀಯ ರೇಡಾನ್ ಯೋಜನೆಯನ್ನು ಆರಂಭಿಸಿತು. 2009ರ ಅದರ ಕೈಪಿಡಿ 100 ಬೆಕೆರೆಲ್ಲನ್ನು ಮಾರ್ಗದರ್ಶಿ ಮಟ್ಟವೆಂದು ಸೂಚಿಸಿತು. ಅದು ಅಸಾಧ್ಯವಾದಲ್ಲಿಯೂ 300ನ್ನು ಮೀರಬಾರದೆಂದಿತು.

ಬಸವನ ಬಾಗೇವಾಡಿಯ ಕರಿನೆಲದಡಿ ಇರುವುದು ದಖ್ಖನ್ನಿನ ಬಸಾಲ್ಟ್. ಗ್ರಾನೈಟಿಗಿಂತ ಅದರಲ್ಲಿ ಯುರೇನಿಯಂ ಕಡಿಮೆ. ಆದರೆ ಪೂರ್ವಕ್ಕೆ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವೇ ಇದೆ. ನೆಲ ಬದಲಾದಂತೆ ರೇಡಾನಿನ ಪ್ರಮಾಣವೂ ಬದಲಾಗುತ್ತದೆ. ಮನೆಯಿಂದ ಮನೆಗೂ ವ್ಯತ್ಯಾಸವಿರುತ್ತದೆ. ಊಹೆಗಿಂತ ಅಳತೆಯೇ ಲೇಸು. ಚಿಕ್ಕ ಫಿಲ್ಮ್ ಮಾಪಕವೊಂದನ್ನು ಕೆಲವು ತಿಂಗಳು ಕೋಣೆಯಲ್ಲಿಟ್ಟರೆ ಸಾಕು.

ಪರಿಹಾರವೂ ಕೈಗೆಟುಕುವಂಥದು. ಬಿಸಿಲಿಗೆ ಬಾಗೇವಾಡಿಯ ಮಾಳಿಗೆ ಮನೆ, ಮಳೆಗೆ ಮಲೆನಾಡಿನ ಮನೆ ಬಾಗಿಲು ಮುಚ್ಚುತ್ತದೆ. ಬೆಳಕಿಂಡಿ ತೆರೆದಿರಲಿ, ನೆಲದ ಬಿರುಕು ಮುಚ್ಚಿರಲಿ, ಬೀಡಿ ಆರಲಿ. ಲೋಕ ಕೂಡಿ ಗಳಿಸಿದ ಈ ಅರಿವು ನಮ್ಮ ಹೊಸ್ತಿಲನ್ನು ದಾಟಿ ಒಳಬರಬೇಕಾಗಿದೆ.