ಜಿರಾಫೆಯ ಮೈಕಟ್ಟು



ನಮ್ಮ ಕೃಷ್ಣಗಿರಿ, ಹೊಸೂರು ಕಡೆಯ ಮಕ್ಕಳು ಶಾಲೆಯಲ್ಲಿ ಜಿರಾಫೆಯನ್ನು ಒಟ್ಟಗಚ್ಚಿವಿಂಗಿ ಎಂದು ಕಲಿಯುತ್ತಾರೆ. ತಮಿಳಿನ ಒಟ್ಟಗಂ ಅಂದರೆ ಒಂಟೆ. ಚಿವಿಂಗಿ ಅಂದರೆ ಚಿರತೆಯಂಥ ಮಚ್ಚೆಯ ಮೃಗ. ಕನ್ನಡದಲ್ಲೂ ಸಿವಂಗಿ ಎಂಬ ಹಳೆಯ ಮಾತಿದೆ. ಒಂಟೆಯ ಎತ್ತರ, ಚಿರತೆಯ ಮಚ್ಚೆ! ಶಾಸ್ತ್ರಜ್ಞರು ಇಟ್ಟಿರುವ ಕ್ಯಾಮೆಲೋಪಾರ್ಡಾಲಿಸ್ ಎಂಬ ಹೆಸರಿಗೂ ಇದೇ ಅರ್ಥ. ಆದರೆ ಅದು ಒಂಟೆಯೂ ಅಲ್ಲ, ಚಿರತೆಯೂ ಅಲ್ಲ. ನಮ್ಮ ಹಸು, ಆಡುಗಳ ಹಾಗೆ ಸೀಳುಗೊರಸಿನ, ಮೆಲುಕು ಹಾಕುವ ಸಾಧು ಪ್ರಾಣಿ.

1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಜಿರಾಫೆಯ ಮುಂದೆ ನಿಂತು ಅವಳು, "ತಾತಾ, ಅಷ್ಟು ಎತ್ತರದಿಂದ ಬಗ್ಗಿದರೆ ಅದಕ್ಕೆ ತಲೆ ಸುತ್ತಲ್ವಾ?" ಎಂದಳು. ನನಗೆ ಉತ್ತರ ತಿಳಿಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ.

ಗಂಡು ಜಿರಾಫೆ 18 ಅಡಿ ಎತ್ತರ ಬೆಳೆಯಬಲ್ಲದು. ತೂಕ ಸಾವಿರ ಕಿಲೋ ದಾಟುತ್ತದೆ. ಹುಟ್ಟಿದ ಮರಿಯೇ ಸುಮಾರು ಆರಡಿ! ಮುಳ್ಳಿನ ನಡುವಿನಿಂದ ಎಲೆ ಎಳೆಯಲು ಒಂದೂವರೆ ಅಡಿಯ ಕಪ್ಪು ನಾಲಿಗೆ. ಇಷ್ಟುದ್ದದ ಕುತ್ತಿಗೆಯಲ್ಲಿ ಎಷ್ಟು ಮೂಳೆಗಳಿರಬಹುದು? ಏಳೇ. ನಮಗೂ ಏಳು, ಆಡಿಗೂ ಏಳು. ಆದರೆ ಅದರ ಒಂದೊಂದು ಮೂಳೆ ಸುಮಾರು ಒಂದು ಗೇಣುದ್ದ.

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದವನು. ಜಮೆ ಇದ್ದಲ್ಲಿ ಖರ್ಚೂ ಇರಲೇಬೇಕು. ಜಿರಾಫೆಗೆ ಎತ್ತರ ಜಮೆ. ಖರ್ಚು ಬೀಳುವುದು ಹೃದಯದ ಮೇಲೆ. ಅಲ್ಲಿಂದ ತಲೆಗೆ ಆರೇಳು ಅಡಿ ಮೇಲಕ್ಕೆ ರಕ್ತ ತಳ್ಳಬೇಕು. ಆದ್ದರಿಂದ ಅದರ ರಕ್ತದೊತ್ತಡ ನಮ್ಮದರ ಸುಮಾರು ಎರಡರಷ್ಟು. ಅದಕ್ಕೆ ತಕ್ಕಂತೆ ಹೃದಯದ ಎಡಭಾಗದ ಗೋಡೆ ದಪ್ಪ. ಬಗ್ಗಿದಾಗ ರಕ್ತ ತಲೆಗೆ ಹಿಂದಕ್ಕೆ ನುಗ್ಗದಂತೆ ಕುತ್ತಿಗೆಯ ನಾಳಗಳಲ್ಲಿ ಕವಾಟಗಳಿವೆ. ಕಾಲಿನ ಚರ್ಮವಂತೂ ಬಿಗಿಯಾದ ಕಾಲುಚೀಲದಂತೆ. ಹಾಗಾಗಿ ಕಾಲು ಊದುವುದಿಲ್ಲ. ಇಷ್ಟಿದ್ದರೂ ನೀರು ಕುಡಿಯುವಾಗ ಅದು ಮುಂಗಾಲು ಅಗಲಿಸಿ ಕಷ್ಟಪಟ್ಟೇ ಬಗ್ಗಬೇಕು.

ಇದನ್ನು ಓದುವಾಗ ನನ್ನ ಕಥೆ ನೆನಪಾಯಿತು. ಕೌಂಟರಿನಲ್ಲಿ ಕೂತು ಕೂತು ನನಗೆ ಕಾಲು ಊತ. ನಿವೃತ್ತಿಯಾದ ಮೇಲೆ ಬಿಪಿ ಎಂದರು, ಮಾತ್ರೆ ಕೊಟ್ಟರು. ಎರಡು ತಿಂಗಳು ನುಂಗಿದೆ. ಮೈ ಹಗುರವಾಗಿದೆ, ಇನ್ನೇಕೆ ಎಂದು ನಾನೇ ನಿಲ್ಲಿಸಿಬಿಟ್ಟೆ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಬಗ್ಗಿ ಎದ್ದವನು ಅಲ್ಲೇ ಕುಸಿದೆ. ಮನೆಯವರು ಹಿಡಿದುಕೊಂಡರು, ತಲೆ ಕಲ್ಲಿಗೆ ಬಡಿಯಲಿಲ್ಲ. ಡಾಕ್ಟರು ಅಳೆದು ನೋಡಿ, "ಯಾರನ್ನು ಕೇಳಿ ನಿಲ್ಲಿಸಿದಿರಿ?" ಎಂದಾಗ ನಾನು ತಲೆ ತಗ್ಗಿಸಿದೆ.

ಜಿರಾಫೆಗೆ ಹೆಚ್ಚಿನ ಒತ್ತಡ ರೋಗವಲ್ಲ. ಅದನ್ನು ತಾಳುವ ಹೃದಯ, ನಾಳ, ಚರ್ಮ ಹುಟ್ಟಿನಿಂದಲೇ ಬಂದಿವೆ. ನಮಗೆ ಆ ಕಟ್ಟು ಇಲ್ಲ. ಏರಿದ ಒತ್ತಡ ಸದ್ದಿಲ್ಲದೆ ನಮ್ಮ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೈಗೆ ಏನೂ ಅನ್ನಿಸದಿದ್ದರೂ ಅಳತೆ ಮಾಡಿಸಿಕೊಳ್ಳಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ.

ಮೊಮ್ಮಗಳಿಗೆ ಈಗ ಉತ್ತರ ಹೇಳಿದ್ದೇನೆ: "ಜಿರಾಫೆಗೆ ತಲೆ ಸುತ್ತುವುದಿಲ್ಲ ಮಗಳೇ, ಸುತ್ತುವುದು ನಿನ್ನ ತಾತನಿಗೆ." ಅಂದಿನಿಂದ ರಾತ್ರಿ ಊಟವಾದೊಡನೆ ಮಾತ್ರೆ ತಂದು ಕೈಗಿಡುವವಳು ಅವಳೇ.