ಡೋಲು ಅವರದು, ಮಾತು ಯಾರದು?
(ಕುಂದಾಪುರದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣ)

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸುದ್ದಿಯನ್ನು ಹಾಸ್ಟೆಲಿನ ಪೇಪರಿನಲ್ಲಿ ನಾವು ದಿನಾ ಓದುತ್ತೇವೆ. ಅದರಲ್ಲಿ ಕೊರಗರ ಫೋಟೋ ಯಾವಾಗ ಬರುತ್ತದೆ? ಮೆರವಣಿಗೆಯ ಮುಂದೆ ಡೋಲು ಬಾರಿಸುವಾಗ. ಇಲ್ಲವೇ ಬೆನ್ನ ಮೇಲೆ ಬಾಸುಂಡೆ ಎದ್ದಾಗ. ಅಪರೂಪಕ್ಕೊಮ್ಮೆ, ಯಾರಾದರೂ 'ಕೊರಗರಲ್ಲೇ ಮೊದಲಿಗ' ಅನ್ನಿಸಿಕೊಂಡು ದೊಡ್ಡ ಪರೀಕ್ಷೆ ಪಾಸಾದಾಗ. ಹೆಚ್ಚೂಕಮ್ಮಿ ಈ ಮೂರೇ ಮುಖ. ಇವನ್ನು ಆರಿಸಿದವರು ಯಾರು? ಕೊರಗರಂತೂ ಅಲ್ಲ.

2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಮದುವೆಯ ಮೆಹೆಂದಿ ನಡೆದಿತ್ತು. ಡಿಜೆ ಸದ್ದು ಹೆಚ್ಚಾಯಿತೆಂದು ಪೊಲೀಸರು ಬಂದು ಲಾಠಿ ಬೀಸಿದರು. ಆಮೇಲೆ ಪಿ.ಎಸ್.ಐ. ಅಮಾನತಾದರು, ಗೃಹಮಂತ್ರಿ ಕಾಲೊನಿಗೆ ಬಂದರು. ಆ ಕೆಲವು ದಿನ ಪೇಪರಿನವರು ಕೊರಗರನ್ನೂ ಮಾತಾಡಿಸಿದರು. ಒಳ್ಳೆಯದೇ. ಆದರೆ ಬೆನ್ನು ಊದಿದರೆ ಮಾತ್ರ ಬಾಯಿಗೆ ಬೆಲೆಯೇ?

ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಡಾ. ಮಹಮ್ಮದ್ ಪೀರ್ ವರದಿ ಹೇಳಿತು. ಆ ಹಕ್ಕನ್ನು ನೆನಪಿಸಲು ಕೊರಗರು ಆಗಸ್ಟ್ 18ರಂದು ಭೂಮಿಹಬ್ಬ ಮಾಡುತ್ತಾರೆ. ಆ ಭೂಮಿ ಏನಾಯಿತೆಂದು ಬರೆಯುವಾಗ ಪೇಪರಿನವರು ಕೇಳುವುದು ಅಧಿಕಾರಿಗಳನ್ನು. ನಮ್ಮೂರ ಮಾತಲ್ಲೇ ಕೇಳೋಣ: ಹ್ವಾಯ್, ಜಾಗ ಇಲ್ದಿದ್ದವ್ರ್ ಹೇಳುಕಾಗ್ದಾ?

ಆರಿಸುವ ಕೈ ಎಂಥದ್ದು ನೋಡಿ. 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದಿಲ್ಲಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ 686 ವರದಿಗಾರರ ಪಟ್ಟಿ ಹಿಡಿದು ದಲಿತರನ್ನು ಹುಡುಕಿದರು. ಒಬ್ಬರೂ ಸಿಗಲಿಲ್ಲ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಹೊರಡಿಸಿದಾಗ, ಕಾಸು ಕೊಡುತ್ತೇವೆಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಅವರು ಅಲ್ಲಿ ಜಾಗ ಬೇಡುತ್ತ ಕೂರಲಿಲ್ಲ. ತಮ್ಮ ಪತ್ರಿಕೆ ತಾವೇ ನಡೆಸಿದರು.

ಗೆಳೆಯರೇ, ಬೇರೆಯವರನ್ನು ಬೈದು ನಾವು ಪಾರಾಗುವಂತಿಲ್ಲ. ನಮ್ಮ ಸಭೆಗಳಲ್ಲೂ ಡೋಲಿಗೆ ಕೊರಗರು, ಭಾಷಣಕ್ಕೆ ನಾವು. ಇವತ್ತೂ ಹಾಗೇ ಆಯ್ತು. ಅವರ ವಿಷಯ ಇಷ್ಟೊತ್ತು ನಾವೇ ಮಾತಾಡಿದೆವು. ಅವರು ಡೋಲು ಕೆಳಗಿಟ್ಟು ಮೂಲೆಯಲ್ಲಿ ಕೂತು ಕೇಳುತ್ತಿದ್ದಾರೆ. ಪೇಪರಿನವರಿಗೂ ನಮಗೂ ಏನು ಫರಕು?

ನಮ್ಮ ಬುಲೆಟಿನ್ನಿನ ಮುಂದಿನ ಸಂಚಿಕೆಯಲ್ಲಿ ಭೂಮಿಯ ಬಗ್ಗೆ ಅವರೇ ಬರೆಯಲಿ. ಅಕ್ಷರ ಬಾರದ ಹಿರಿಯರು ಹೇಳಲಿ, ನಾವು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳೋಣ. ಕೆಳಗೆ ಹೆಸರು ಅವರದೇ ಇರಲಿ.

ನಮ್ಮ ಮಾತು ಸಾಕು. ಮೈಕು ಆ ಮೂಲೆಗೆ ಹೋಗಲಿ.

ಜೈ ಭೀಮ್.